ಎರಡೂ ಎಡ

ಮಿಷನಕ್ಕನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅವಳ ಮುಖ ನೋಡಬೇಕಾಗಿಲ್ಲ, ರಸ್ತೆಯಲ್ಲಿ ನಿಂತು ಕಿವಿಗೊಟ್ಟರೆ ಸಾಕು. ಸಮಾಧಾನದಲ್ಲಿದ್ದರೆ ಅವಳ ಹೊಲಿಗೆ ಮಿಷನ್ನು ಒಂದೇ ಉಸಿರಿಗೆ ಓಡುತ್ತದೆ. ಸಿಟ್ಟು ಬಂದರೆ ತುಂಡು ತುಂಡಾಗಿ ಗುರುಗುಟ್ಟುತ್ತದೆ. ಆ ವಾರವೆಲ್ಲ ಅದು ಗುರುಗುಟ್ಟಿದ್ದೇ ಗುರುಗುಟ್ಟಿದ್ದು. ಎದುರಿನ ಬೀಗ ರಿಪೇರಿಯವನು ಬಾಗಿಲಿಗೆ ಬಂದು, "ಅಕ್ಕ, ಒಳಗೆ ಬಟ್ಟೆ ಹೊಲೀತಿದ್ದೀರೋ, ಯಾರದಾದ್ರೂ ಬಾಯಿ ಹೊಲೀತಿದ್ದೀರೋ?" ಎಂದು ಕೇಳಿ, ಚೆನ್ನಾಗಿ ಬೈಸಿಕೊಂಡು ಹೋದ.

ಅಂಗಡಿ ದೊಡ್ಡದೇನಲ್ಲ. ಬಾಗಿಲಿನ ಪಕ್ಕದಲ್ಲೇ ಬಟ್ಟೆ ಕತ್ತರಿಸುವ ಮೇಜು, ಅದರ ಹಿಂದೆ ಒಂದು ಪರದೆ, ಪರದೆಯ ಹಿಂದೆ ಮಿಷನ್ನು. ಮೇಜು ಅಣ್ಣನದು, ಮಿಷನ್ನು ತಂಗಿಯದು. ಗಿರಾಕಿಗಳು ಬರುವುದು, ಅಳತೆ ಕೊಡುವುದು, ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡು ಹೊಗಳುವುದು, ಎಲ್ಲವೂ ಮೇಜಿನ ಹತ್ತಿರ. ಬಿಡಿ ತುಂಡುಗಳು ಸೇರಿ ಉಡುಪಾಗುವುದು ಮಾತ್ರ ಪರದೆಯ ಹಿಂದೆ. ಹಾಗಾಗಿ ಅಣ್ಣನಿಗೆ ಮಾಸ್ಟರು ಎಂದು ಹೆಸರು, ಇವಳಿಗೆ ಮಿಷನಕ್ಕ ಎಂದು. ಮಿಷನ್ನಿಗೂ ಅವಳಿಗೂ ಒಟ್ಟಿಗೆ ಎಣ್ಣೆ ಬಿಡುತ್ತಾರೇನೋ ಅನ್ನುವ ಹಾಗೆ.

ಈ ಪಾಲು ಮಾಡಿಟ್ಟವನು ಅಪ್ಪ. ಅವನೂ ದರ್ಜಿಯೇ. "ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಅದಕ್ಕೇ ಕತ್ತರಿ ಮಗನಿಗೆ, ಸೂಜಿ ಮಗಳಿಗೆ" ಎನ್ನುತ್ತಿದ್ದ. ಕೇಳುವುದಕ್ಕೆ ನ್ಯಾಯವಾಗಿಯೇ ಕಾಣುವ ಮಾತು. ಬಿಚ್ಚಿ ಬಿಚ್ಚಿ ಉಗುರು ಸವೆಸಿಕೊಳ್ಳುವವರು ಯಾರು ಎಂದು ಮಾತ್ರ ಅವನು ಹೇಳಲಿಲ್ಲ. ಅಪ್ಪ ಹೋದ, ಮದುವೆಯಾಯಿತು, ಗಂಡನ ಮನೆ ಎರಡು ಬೀದಿ ಆಚೆಯೇ ಸಿಕ್ಕಿತು, ಮಕ್ಕಳು ಬೆಳೆದು ತಮ್ಮ ತಮ್ಮ ದಾರಿ ನೋಡಿಕೊಂಡರು. ಇವಳು ಬೆಳಿಗ್ಗೆ ಬಂದು ಪರದೆ ಸರಿಸಿ ಒಳಗೆ ಕೂರುವುದು ಮಾತ್ರ ಬದಲಾಗಲಿಲ್ಲ. ಕೋಟು ಮೈಗೆ ಹಿಡಿದಂತೆ ಕೂತರೆ ಮಾಸ್ಟರು, "ಕಟಿಂಗ್ ಅಂದ್ರೆ ಹೀಗಿರಬೇಕು" ಎನ್ನುತ್ತಿದ್ದ. ಭುಜದ ಹತ್ತಿರ ಒಂದು ಸುಕ್ಕು ಬಿದ್ದರೆ ಪರದೆಯ ಕಡೆ ಕತ್ತು ತಿರುಗಿಸಿ, "ಹೊಲಿಗೆ ಸ್ವಲ್ಪ ಎಳೆದಿದೆ ನೋಡಮ್ಮ" ಎನ್ನುತ್ತಿದ್ದ. ಕೂದಲು ನರೆಯುವಷ್ಟು ಕಾಲ ಇದನ್ನು ಕೇಳಿಸಿಕೊಂಡ ಹೆಂಗಸಿಗೆ ಒಂದು ಸಲ, ಒಂದೇ ಒಂದು ಸಲ, ತಾನೇ ಒಂದು ಬಟ್ಟೆ ಕತ್ತರಿಸಬೇಕು, ಅದನ್ನು ತೊಟ್ಟವರು "ಇದು ಮಿಷನಕ್ಕ ಕತ್ತರಿಸಿದ್ದು" ಎಂದು ಹೇಳಬೇಕು ಅನ್ನುವ ಆಸೆ ಹುಟ್ಟಿದರೆ ಅದು ದುರಾಸೆಯೇನೂ ಅಲ್ಲ.

ಆ ಒಂದು ಸಲ ಬಂದದ್ದು ಅಂಗಡಿಯ ಷಟರಿನಿಂದ. ಅದಕ್ಕೆ ಎಣ್ಣೆ ಹಾಕಿಸು ಎಂದು ತಂಗಿ ಹೇಳುತ್ತಲೇ ಇದ್ದಳು, ಹಾಕಿಸೋಣ ಎಂದು ಅಣ್ಣ ಹೇಳುತ್ತಲೇ ಇದ್ದ. ಒಂದು ದಿನ ಷಟರು ಧಡಾರನೆ ಇಳಿದು ಮಾಸ್ಟರ ಬಲಗೈ ಹೆಬ್ಬೆರಳನ್ನು ಜಜ್ಜಿ ಹಾಕಿತು. ಬೆರಳಿಗೆ ಬದನೆಕಾಯಿಯಷ್ಟು ದಪ್ಪದ ಪಟ್ಟಿ. ಕತ್ತರಿಯ ಕಣ್ಣಿನೊಳಗೆ ಅದು ತೂರುವ ಮಾತೇ ಇಲ್ಲ.

ಹಲ್ಲಿನ ಡಾಕ್ಟರಮ್ಮ ಬಂದದ್ದು ಅದರ ಮಾರನೆಯ ದಿನ. ಆಕೆ ಅಪ್ಪನ ಕಾಲದಿಂದಲೂ ಈ ಅಂಗಡಿಯ ಗಿರಾಕಿ, ಬೇರೆಯವರ ಕೈಗೆ ಬಟ್ಟೆ ಕೊಟ್ಟವರಲ್ಲ. ಮೇಜಿನ ಮೇಲೆ ಎರಡು ಗಂಟು ಬಿಚ್ಚಿದರು. ಒಂದರಲ್ಲಿ ಬೂದು ಬಣ್ಣದ ಜೂಲು ಜೂಲಾದ ದಪ್ಪ ಬಟ್ಟೆ, ಬೆರಳಿಟ್ಟರೆ ಬೆರಳೇ ಮುಳುಗುವಷ್ಟು ಉದ್ದದ ರೋಮ. ಇನ್ನೊಂದರಲ್ಲಿ ಸಡಿಲವಾಗಿ ಹೆಣೆದ ಉಣ್ಣೆ ಬಟ್ಟೆ, ಎತ್ತಿ ಹಿಡಿದರೆ ತನ್ನ ಭಾರಕ್ಕೆ ತಾನೇ ಜೋತು ಬೀಳುವಂಥದ್ದು.

"ಅಕ್ಕ ಕಳಿಸಿದ್ದು ಮಾಸ್ಟರೇ. ಮೈಗೆ ಈ ಜೂಲು, ತೋಳಿಗೆ ಈ ಹೆಣಿಗೆ. ಅವಳ ಊರಲ್ಲಿ ವಿಪರೀತ ಚಳಿ. ನಾನು ಅಲ್ಲಿಗೆ ಹೊರಡೋದ್ರೊಳಗೆ ನನಗೊಂದು ಕೋಟು ಬೇಕು. ಅಲ್ಲಿ ಇಬ್ಬರು ಟೈಲರು ಮುಟ್ಟೋಕೇ ಹೆದರಿದ್ರಂತೆ."

ಬೇರೆಯವರು ಹೆದರಿದರು ಎಂದು ಕೇಳಿದ ಮೇಲೆ ಮಾಸ್ಟರ ಬಾಯಲ್ಲಿ ಇಲ್ಲ ಎಂಬ ಮಾತು ಬರುವುದುಂಟೆ? ಪಟ್ಟಿ ಕಟ್ಟಿದ ಕೈಯನ್ನು ಜೇಬಿಗೆ ಸೇರಿಸಿ, "ಆಯ್ತು ಬಿಡಿ, ಅದೇನು ಮಹಾ" ಎಂದ. ಡಾಕ್ಟರಮ್ಮ ಹೋದ ಮೇಲೆ ಪರದೆಯ ಕಡೆ ತಿರುಗಿ, "ನೀನೇ ಕತ್ತರಿಸಬೇಕು ಕಣೇ. ನಾನು ಹೇಳಿದ ಹಾಗೆ ಕೈ ಆಡಿಸು ಸಾಕು" ಎಂದ. ಮಿಷನಕ್ಕನಿಗೆ ಒಳಗೊಳಗೇ ಹಿಗ್ಗು. ಮೇಲೆ ಮಾತ್ರ, "ನೋಡೋಣ" ಎಂದಳು.

ಜಗಳ ಮೊದಲ ಗೆರೆಯಿಂದಲೇ ಶುರುವಾಯಿತು. ಮಾಸ್ಟರ ಪದ್ಧತಿ ಒಂದೇ: ಬಟ್ಟೆ ಎರಡಾಗಿ ಮಡಚು, ಚಾಕಿನಲ್ಲಿ ಗೀಚು, ಎರಡೂ ಪದರವನ್ನು ಒಂದೇ ಏಟಿಗೆ ಕತ್ತರಿಸು. ಬಿಚ್ಚಿದರೆ ಎಡ ಬಲ ಎರಡೂ ತಯಾರು.

"ಅಣ್ಣ, ಇದು ಹಾಸಿಗೆ ಥರ ಇದೆ. ಮಡಚಿದ್ರೆ ಒಳಗಿನ ಪದರ ಜಾರುತ್ತೆ. ಒಂದು ದೊಡ್ಡದು ಒಂದು ಚಿಕ್ಕದು ಆಗುತ್ತೆ."

"ನನಗೆ ಕಟಿಂಗ್ ಹೇಳಿಕೊಡ್ತೀಯಾ?"

"ಕಟಿಂಗ್ ಅಲ್ಲ, ಜಾರೋದು ಹೇಳ್ತಿದೀನಿ. ಇಷ್ಟು ವರ್ಷ ಜಾರಿದ್ದನ್ನೆಲ್ಲ ಎಳೆದು ಕೂಡಿಸಿದ್ದು ನಾನೇ ತಾನೇ?"

ಮಾಸ್ಟರು ಹಟಕ್ಕೆ ಬಿದ್ದು ಎಡಗೈಯಲ್ಲೇ ಕತ್ತರಿ ಹಿಡಿದು ಮೂಲೆಯ ಒಂದು ಚೂರನ್ನು ಕತ್ತರಿಸಿ ತೋರಿಸಿದ. ಬಟ್ಟೆಯ ಜೊತೆಗೆ ರೋಮವೂ ಕತ್ತರಿಸಿಹೋಗಿ, ಅಂಚು ಕ್ಷೌರ ಮಾಡಿಸಿಕೊಂಡ ತಲೆಯಂತಾಯಿತು. ಉದುರಿದ ರೋಮ ಗಾಳಿಗೆ ಎದ್ದು ಅವನ ಮೀಸೆಗೇ ಅಂಟಿತು. ಸೀನಿ ಸೀನಿ ಕಣ್ಣು ಕೆಂಪಾದ ಮೇಲೆ, "ಏನಾದ್ರೂ ಮಾಡ್ಕೋ. ನಾನು ಪಟ್ಟಿ ಬದಲಾಯಿಸಿಕೊಂಡು ಬರ್ತೀನಿ" ಎಂದು ಹೊರಟ. ಹೊರಡುವ ಮುಂಚೆ ಹೊಸ್ತಿಲಲ್ಲಿ ನಿಂತು, "ರೋಮದ ದಿಕ್ಕು ನೋಡ್ಕೋ. ಎಲ್ಲ ಕೆಳಮುಖ ಇರಬೇಕು. ದಿಕ್ಕು ತಪ್ಪಿದ್ರೆ ಕೆಟ್ಟೆ" ಎಂದು ಹೆದರಿಸಿ ಹೋದ.

ಅಂತೂ ಮೇಜು ಅವಳದಾಯಿತು. ಡಾಕ್ಟರಮ್ಮ ಅಳತೆಗೆಂದು ಬಿಟ್ಟುಹೋಗಿದ್ದ ಹಳೆಯ ಕೋಟು ನೋಡಿ ಅವಳು ಖಾಕಿ ಕಾಗದದಲ್ಲಿ ಅಚ್ಚು ಮಾಡಿಕೊಂಡಳು: ಬೆನ್ನಿಗೊಂದು, ಎದೆಯ ಭಾಗಕ್ಕೊಂದು, ತೋಳಿಗೊಂದು. ಜೂಲು ಬಟ್ಟೆಯನ್ನು ಮಡಚದೆ ಒಂದೇ ಪದರವಾಗಿ, ರೋಮ ಕೆಳಗೆ ಮಾಡಿ ಬೋರಲಾಗಿ ಹಾಸಿದಳು. ಹಿಂಬದಿಯಲ್ಲಿ ಗೆರೆ ಎಳೆದು, ಹಾಳೆ ಕೊಯ್ಯುವ ಬ್ಲೇಡಿನ ತುದಿಯಿಂದ ಹಿಂಬದಿಯ ಬಟ್ಟೆಯನ್ನಷ್ಟೇ ಸೀಳುತ್ತ ಹೋದಳು. ಎರಡು ಕೈಯಿಂದ ಮೆಲ್ಲಗೆ ಬಿಡಿಸಿದರೆ ರೋಮ ತುಂಡಾಗದೆ ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಬೆನ್ನಿನ ಭಾಗ ಸೊಗಸಾಗಿ ಬಂತು. ಎದೆಯ ಒಂದು ಭಾಗವೂ ಬಂತು. ಪ್ರತಿ ಸಲವೂ ಬಟ್ಟೆ ಎತ್ತಿ, ಅಂಗೈಯಿಂದ ಸವರಿ, ರೋಮ ಕೆಳಮುಖ ಇದೆ ಎಂದು ಖಾತ್ರಿ ಮಾಡಿಕೊಂಡೇ ಮುಂದಿನ ಗೆರೆ. ಕಾಗದ ಪಕ್ಕಕ್ಕೆ ಸರಿಸಿ ಇಟ್ಟಳು, ಸವರಿದಳು, ಸೀಳಿದಳು. ಇಷ್ಟು ಸಲೀಸಾದ ಕೆಲಸಕ್ಕೆ ಅಣ್ಣ ಇಷ್ಟು ವರ್ಷ ಮೀಸೆ ತಿರುವುತ್ತಿದ್ದನೇ ಅನ್ನಿಸಿ ನಗುವೂ ಬಂತು.

ನಗು ನಿಂತದ್ದು ಮಿಷನ್ನಿನ ಹತ್ತಿರ. ಭುಜಕ್ಕೆ ಭುಜ ಸೇರಿಸಿ ಗುಂಡುಸೂಜಿ ಚುಚ್ಚಲು ಹೋದರೆ ಒಂದು ಭಾಗ ಸರಿಯಾಗಿ ಕೂತಿತು, ಇನ್ನೊಂದು ಕೂರಲೊಲ್ಲದು. ತೋಳು ಬರಬೇಕಾದ ಕಡೆ ಗುಂಡಿ ಬರುವ ಅಂಚು, ಕುತ್ತಿಗೆ ಇರಬೇಕಾದ ಕಡೆ ತೋಳಿನ ಕೊರಕಲು. ತಿರುಗಿಸಿದಳು, ಮಗುಚಿದಳು. ಮಗುಚಿದರೆ ಸರಿಯಾಗಿ ಕೂರುತ್ತದೆ, ಆದರೆ ರೋಮ ಒಳಗೆ ಹೋಗುತ್ತದೆ. ಆಗ ತಿಳಿಯಿತು. ಎರಡೂ ಎಡಗಡೆಯವು.

ಮಡಚಿ ಕತ್ತರಿಸಿದರೆ ಎಡ ಬಲ ತಾವಾಗಿಯೇ ಜೋಡಿಯಾಗಿ ಬರುತ್ತವೆ. ಒಂದೇ ಪದರದಲ್ಲಿ ಕತ್ತರಿಸುವಾಗ ಎರಡನೆಯದಕ್ಕೆ ಕಾಗದವನ್ನು ಮಗುಚಿ ಹಾಕಬೇಕು, ಬರೀ ಸರಿಸಿದರೆ ಸಾಲದು. ಜೀವಮಾನವಿಡೀ ಜೋಡಿಗಳನ್ನೇ ಕೈಗೆ ಪಡೆದವಳಿಗೆ ಆ ಜೋಡಿ ಹೇಗೆ ಹುಟ್ಟುತ್ತದೆ ಎಂಬುದು ಹೊಳೆದಿರಲಿಲ್ಲ. ದಿಕ್ಕು ದಿಕ್ಕು ಎಂದು ಜಪ ಮಾಡುತ್ತ ಬಲಗಡೆಯನ್ನೇ ಮರೆತಿದ್ದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಉಳಿದದ್ದು ಅಂಗೈಯಗಲದ, ಮೊಳದುದ್ದದ ಚಿಲ್ಲರೆ ತುಂಡುಗಳು. ಮಿಷನಕ್ಕ ಆ ಎರಡು ಎಡಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಅಳು ಬರಲಿಲ್ಲ, ಬಂದಿದ್ದರೆ ಎಷ್ಟೋ ವಾಸಿಯಿತ್ತು. ತನ್ನ ಮೇಲೇ ಬಂದ ಸಿಟ್ಟನ್ನು ಯಾರ ಮೇಲೆ ಕಾರುವುದು?

ಮಾಸ್ಟರು ಬಂದು ನೋಡಿದ. ಬೈಯುತ್ತಾನೆ ಎಂದುಕೊಂಡರೆ ಅವನು ನಕ್ಕ. ಬೈದಿದ್ದರೂ ಸಹಿಸಬಹುದಿತ್ತು.

"ಎರಡೂ ಎಡ. ಡಾಕ್ಟರಮ್ಮ ಅವರ ಅಕ್ಕನ ಜೊತೆ ಹಂಚಿಕೊಳ್ಳಲಿ ಬಿಡು" ಎಂದ. ಆಮೇಲೆ ಗಂಭೀರನಾಗಿ, "ತಲೆಕೆಳಗು ಮಾಡಿ ನೋಡು. ಅಂಚು ಈ ಕಡೆಗೆ ಬರುತ್ತೆ. ಕುತ್ತಿಗೆ, ತೋಳು ಹೊಸದಾಗಿ ತೆಗೆಯೋಣ" ಎಂದ.

ಅವಳು ತಲೆಕೆಳಗು ಮಾಡಿ ಎರಡನ್ನೂ ಪಕ್ಕಪಕ್ಕದಲ್ಲಿ ಹಿಡಿದು ತೋರಿಸಿದಳು. ಒಂದರ ರೋಮ ನಯವಾಗಿ ಕೆಳಗಿಳಿದಿತ್ತು, ಇನ್ನೊಂದರದು ಹೆದರಿದ ಬೆಕ್ಕಿನಂತೆ ಮೇಲಕ್ಕೆ ಸೆಟೆದಿತ್ತು. ಬಣ್ಣವೂ ಒಂದು ತಿಳಿ, ಒಂದು ಕಪ್ಪು. "ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತಂತೆ. ಇದನ್ನ ಹಾಕ್ಕೊಂಡು ಅವರು ಊರೂರು ತಿರುಗಬೇಕಾ?" ಎಂದಳು.

"ಹಾಗಾದ್ರೆ ಬಟ್ಟೆ ಸಾಲಲಿಲ್ಲ ಅಂತ ಹೇಳ್ತೀನಿ. ಬಟ್ಟೆಯಲ್ಲೇ ದೋಷ ಇತ್ತು ಅಂತ."

"ಬಟ್ಟೆಯಲ್ಲಿ ಯಾವ ದೋಷ ಇತ್ತು?"

"ಮತ್ತೆ ನನ್ನ ಕೈಯಲ್ಲಿ ದೋಷ ಇತ್ತು ಅಂತ ಹೇಳಲಾ? ಅವರು ಕೊಟ್ಟಿರೋದು ನನ್ನ ಕೈ ನಂಬಿ."

ನನ್ನ ಕೈ. ತಪ್ಪು ಮಾಡಿದ ಕೈಯೂ ಅವನದೇ ಆಗಬೇಕಂತೆ. ಮಿಷನಕ್ಕ ಹಲ್ಲು ಕಚ್ಚಿಕೊಂಡು ಪರದೆ ಎಳೆದಳು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ, ಆ ಕೋಪವೆಲ್ಲ ಹೆಣಿಗೆ ಬಟ್ಟೆಯ ಮೇಲೆ ತಿರುಗಿತು. ಅದೂ ಸಾಮಾನ್ಯದ್ದಲ್ಲ. ಜೂಲು ಬಟ್ಟೆ ಹಟಮಾರಿಯಾದರೆ ಇದು ಮೈಗಳ್ಳ. ಕತ್ತರಿ ತಾಗಿದ ಕೂಡಲೇ ಅಂಚಿನ ಕಣ್ಣುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತ ಹೋದವು. ಮಿಷನ್ನಿನ ಬಟ್ಟೆ ಒತ್ತಿ ಹಿಡಿಯುವ ಪಾದದ ಕೆಳಗಿಟ್ಟರೆ ಮೇಲಿನ ಪದರ ಮುಂದೆ ಮುಂದೆ ಹಿಗ್ಗುತ್ತ ಕೆಳಗಿನದು ಹಿಂದೆ ಉಳಿಯಿತು. ಮೊದಲ ತೋಳು ಹೊಲಿದು ಹಿಡಿದರೆ ಆನೆಯ ಸೊಂಡಿಲು. ಬಿಚ್ಚಲು ಹೋದರೆ ದಾರ ಯಾವುದು, ಹೆಣಿಗೆ ಯಾವುದು ತಿಳಿಯದು. ತಪ್ಪಾದ ಎಳೆ ಎಳೆದು ಅಂಗೈ ಅಗಲದ ತೂತಾಯಿತು. ಸೂಜಿ ಮುರಿಯಿತು. ಹೊಸ ಸೂಜಿ ಹಾಕಿದರೆ ಕೆಳಗೆ ಬಾಬಿನ್ನು ಕೂರುವ ಗೂಡಿನಲ್ಲಿ ರೋಮ ತುಂಬಿ ದಾರ ಗಂಟಾಯಿತು. ಮಿಷನ್ನು ಬಿಚ್ಚಿ, ಬ್ರಷ್ಷಿನಿಂದ ಕೆರೆದು ತೆಗೆದರೆ ಒಂದು ಇಲಿಮರಿಯಷ್ಟು ರೋಮ. ಬೀಗ ರಿಪೇರಿಯವನು ಬೈಸಿಕೊಂಡದ್ದು ಆ ಹೊತ್ತಿನಲ್ಲೇ.

ಮಧ್ಯಾಹ್ನ ಊಟದ ಡಬ್ಬಿ ತಂದ ಗಂಡ ಅವಳನ್ನು ನೋಡಿ ಬಾಗಿಲಲ್ಲೇ ನಿಂತ. ತಲೆ, ಹುಬ್ಬು, ಸೀರೆ ಎಲ್ಲ ಬೂದು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದ ಮನುಷ್ಯ, ಮಾತು ಕಡಿಮೆ. ಕೂತು ಡಬ್ಬಿ ಬಿಚ್ಚಿ, ಅವಳ ತುಟಿಯ ಮೇಲಿನ ಒಂದು ರೋಮ ತೆಗೆದು ನೋಡಿ, "ಬೆಕ್ಕು ನುಂಗಿದ್ದೀಯಾ?" ಎಂದ. ಅವಳು ನಗಲಿಲ್ಲ. ಆದದ್ದನ್ನೆಲ್ಲ ಹೇಳಿದಳು.

"ತಪ್ಪನ್ನ ಅಣ್ಣನೇ ಸುಧಾರಿಸಿಕೊಳ್ತೀನಿ ಅಂದ್ರೆ ಒಳ್ಳೇದೇ ಆಯ್ತಲ್ಲ" ಎಂದ ಅವನು.

"ಏನು ಒಳ್ಳೇದು? ನಾನು ಮಾಡಿದ್ದು ಚೆನ್ನಾಗಿದ್ರೆ ಅವನದು. ಈಗ ಕೆಟ್ಟದ್ದೂ ಅವನದೇ. ಹಾಗಾದ್ರೆ ನನ್ನದು ಅಂತ ಏನಿದೆ ಈ ಅಂಗಡಿಯಲ್ಲಿ?"

ಅವನು ಅವಳ ಮುಂದಕ್ಕೆ ಡಬ್ಬಿ ಸರಿಸಿದ. ತನ್ನವರಿಗೂ ಇದು ಅರ್ಥವಾಗುವುದಿಲ್ಲವಲ್ಲ ಎಂದು ಅವಳಿಗೆ ಮತ್ತಷ್ಟು ಕಷ್ಟವಾಯಿತು.

ದಾರಿ ಕಂಡದ್ದು ಊಟವಾದ ಮೇಲೆ, ಕಸ ಗುಡಿಸುವಾಗ. ಭುಜ ಸೇರಿಸುವ ಮೊದಲು ಹೊಲಿಗೆಯ ಅಂತರ ನೋಡಲೆಂದು ಜೂಲು ಬಟ್ಟೆಯ ಎರಡು ಚೂರು ಸೇರಿಸಿ ಹೊಲಿದಿದ್ದಳು. ಅದು ಕೈಗೆ ಸಿಕ್ಕಿತು. ಹೊಲಿಗೆ ಎಲ್ಲಿದೆ ಎಂದು ಹುಡುಕಿದಳು. ಸಿಗಲಿಲ್ಲ. ಸೂಜಿಯ ತುದಿಯಿಂದ ಸಿಕ್ಕಿಬಿದ್ದ ರೋಮವನ್ನು ಮೇಲಕ್ಕೆ ಎಳೆದು ಬಿಟ್ಟಿದ್ದರಿಂದ ಹೊಲಿಗೆ ಅದರಡಿಯಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಹೊಲಿದವಳಿಗೇ ಕಾಣದ ಹೊಲಿಗೆ. ಹತ್ತಿ ಬಟ್ಟೆಯಲ್ಲಾಗಿದ್ದರೆ ತೇಪೆ ಊರಿಗೆಲ್ಲ ಕಾಣುತ್ತಿತ್ತು.

ತಡಮಾಡದೆ ತುಂಡುಗಳನ್ನು ಆರಿಸಿಕೊಂಡಳು. ಎರಡನೆಯ ಎಡಭಾಗದಲ್ಲಿ ಎಲ್ಲೆಲ್ಲಿ ಕೊರಕಲಿತ್ತೋ ಅಲ್ಲೆಲ್ಲ, ರೋಮದ ದಿಕ್ಕು ನೋಡಿ, ಚೂರು ಸೇರಿಸಿ ಹೊಲಿದಳು. ತೋಳಿನ ಕಡೆಗೊಂದು, ಕುತ್ತಿಗೆಯ ಕಡೆಗೊಂದು, ಅಂಚಿಗೆ ಒಂದು ಉದ್ದನೆಯದು. ಪ್ರತಿ ಹೊಲಿಗೆಯಿಂದಲೂ ರೋಮವನ್ನು ಎಳೆ ಎಳೆಯಾಗಿ ಹೊರಗೆಳೆದಳು. ಕುತ್ತಿಗೆ ನೋವು, ಕಣ್ಣಲ್ಲಿ ನೀರು. ಮಧ್ಯೆ ಒಂದು ತುಂಡು ತಿರುಗುಮುರುಗಾಗಿ ಕೂತು ಅದನ್ನೂ ಬಿಚ್ಚಬೇಕಾಯಿತು. ತುಂಡೆಲ್ಲ ಸೇರಿ ಮತ್ತೆ ಚೌಕದ ಬಟ್ಟೆಯಾದ ಮೇಲೆ ಕಾಗದ ಇಟ್ಟಳು. ಈ ಸಲ ಮಗುಚಿ ಇಟ್ಟಳು. ಬ್ಲೇಡು ಹಾಕುವ ಮುಂಚೆ ತನ್ನ ಎದೆಗೇ ಹಿಡಿದು, ಇದು ಎಡ, ಇದು ಬಲ ಎಂದು ಚಿಕ್ಕ ಮಕ್ಕಳ ಹಾಗೆ ಬಾಯಿಬಿಟ್ಟು ಹೇಳಿಕೊಂಡಳು.

ತೋಳಿಗೆ ಉಳಿದಿದ್ದ ಹೆಣಿಗೆ ಬಟ್ಟೆಯನ್ನು ಮಾರನೆಯ ದಿನ ತೆಳು ಕಾಗದದ ಪಟ್ಟಿಯ ಮೇಲಿಟ್ಟು, ಕಾಗದದ ಸಮೇತ ಹೊಲಿದು, ಆಮೇಲೆ ಕಾಗದ ಹರಿದು ತೆಗೆದಳು. ಹಿಗ್ಗಲಿಲ್ಲ. ಇದನ್ನು ಮೊದಲೇ ಮಾಡಿದ್ದರೆ ಒಂದು ತೋಳು ಉಳಿಯುತ್ತಿತ್ತು ಎಂದು ಅದಕ್ಕೂ ತನ್ನನ್ನೇ ಶಪಿಸಿಕೊಂಡಳು. ಬಟ್ಟೆ ಸಾಲದೆ ತೋಳಿನ ತುದಿಗೆ ಜೂಲಿನದೇ ಪಟ್ಟಿ ಕೊಟ್ಟಳು. ನೋಡಿದರೆ ಮೊದಲಿನಿಂದಲೂ ಹಾಗೇ ಇರಬೇಕೆಂದು ಮಾಡಿದ ಹಾಗಿತ್ತು. ಮಾಸ್ಟರು ಕೋಟನ್ನು ಎತ್ತಿ ಬೆಳಕಿಗೆ ಹಿಡಿದು, ಒಳಗೂ ಹೊರಗೂ ನೋಡಿ, "ಪರವಾಗಿಲ್ಲ" ಎಂದ. ಅವನ ಬಾಯಲ್ಲಿ ಅದೇ ದೊಡ್ಡ ಮಾತು. ಲೈನಿಂಗ್ ಹಾಕಿದ ಮೇಲೆ ಒಳಗಿನ ತೇಪೆಗಳೂ ಮುಚ್ಚಿಹೋದವು.

ಡಾಕ್ಟರಮ್ಮ ಬಂದು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಎರಡು ಕಡೆಯೂ ರೋಮ ಒಂದೇ ಸಮ ಕೆಳಗಿಳಿದಿತ್ತು. ಪರದೆಯ ಹಿಂದೆ ಮಿಷನಕ್ಕ ಕಿವಿಗೊಟ್ಟು ಕೂತಿದ್ದಳು. ಮಿಷನ್ನಿನ ಸದ್ದೇ ಇಲ್ಲ.

"ಏನು ಕೈ ಮಾಸ್ಟರೇ ನಿಮ್ಮದು. ಅಕ್ಕನ ಊರಿನವರು ಕೂಡ ಹೀಗೆ ಕತ್ತರಿಸಲ್ಲ" ಎಂದರು ಡಾಕ್ಟರಮ್ಮ.

ಈಗ ಹೇಳುತ್ತಾನೆ ಎಂದುಕೊಂಡಳು ಅವಳು. ಅವನು ಜೇಬಿನೊಳಗಿನ ಕೈಯನ್ನು ಇನ್ನೂ ಒಳಗೆ ತಳ್ಳಿ, "ಏನೋ, ನಿಮ್ಮ ವಿಶ್ವಾಸ" ಎಂದ.

ಪರದೆ ಸರಿಯಿತು. ಗಿರಾಕಿ ಇರುವಾಗ ಅದು ಒಳಗಿನಿಂದ ಸರಿದದ್ದು ಡಾಕ್ಟರಮ್ಮ ಎಂದೂ ನೋಡಿರಲಿಲ್ಲ.

"ಡಾಕ್ಟರಮ್ಮ, ಅದನ್ನ ಕತ್ತರಿಸಿದ್ದು ನಾನು."

"ಹೌದಾ?" ಎಂದು ಡಾಕ್ಟರಮ್ಮ ಮಾಸ್ಟರ ಮುಖ ನೋಡಿದರು. ನಂಬಿದವರ ನೋಟ ಅದಲ್ಲ, ಇದೇನು ತಮಾಷೆ ಎಂದು ಕೇಳುವ ನೋಟ.

ಮಾಸ್ಟರು ನಕ್ಕು, "ನನ್ನ ಬೆರಳಿಗೆ ಸ್ವಲ್ಪ ಏಟಾಗಿತ್ತು ನೋಡಿ. ನಾನು ಪಕ್ಕದಲ್ಲಿ ನಿಂತು ಹೇಳ್ತಾ ಹೋದೆ, ಅವಳು ಕೈ ಆಡಿಸಿದಳು. ಎಲ್ಲ ಒಂದೇ ಅಲ್ವಾ" ಎಂದ.

"ಹಾಗೆ ಹೇಳಿ ಮತ್ತೆ. ಮಾಸ್ಟರ ಕೈ ಅಂತ ನೋಡಿದ ತಕ್ಷಣ ಗೊತ್ತಾಯ್ತು ನನಗೆ" ಎಂದು ಡಾಕ್ಟರಮ್ಮ ಮತ್ತೆ ಕನ್ನಡಿಯ ಕಡೆ ತಿರುಗಿದರು.

ಮಿಷನಕ್ಕ ಸುಮ್ಮನಿದ್ದರೆ ಕೋಟು ಹೋಗುತ್ತದೆ, ಹೊಗಳಿಕೆ ಅಂಗಡಿಯಲ್ಲಿ ಉಳಿಯುತ್ತದೆ, ನಾಳೆ ಬೆರಳು ವಾಸಿಯಾಗುತ್ತದೆ, ಮೇಜು ಅವನದಾಗುತ್ತದೆ. ತಾನು ಕತ್ತರಿಸಿದೆ ಎನ್ನುವುದಕ್ಕೆ ಅವಳ ಹತ್ತಿರ ಇದ್ದ ಸಾಕ್ಷಿ ಒಂದೇ. ಮಾಸ್ಟರು ಕನಸಿನಲ್ಲೂ ಮಾಡದ ಆ ತಪ್ಪು.

"ಎರಡೂ ಎಡಗಡೆಯೇ ಕತ್ತರಿಸಿಬಿಟ್ಟಿದ್ದೆ ಡಾಕ್ಟರಮ್ಮ. ಅದನ್ನ ಅಣ್ಣ ಹೇಳಿಕೊಡಲಿಲ್ಲ" ಎಂದಳು. ಹತ್ತಿರ ಹೋಗಿ, ಅವರ ಬಲಗಡೆಯ ರೋಮವನ್ನು ಉಗುರಿನಿಂದ ಬೈತಲೆ ತೆಗೆದ ಹಾಗೆ ಬಿಡಿಸಿದಳು. "ಇಲ್ಲೊಂದು ತುಂಡು ಸೇರಿಸಿದ್ದೀನಿ. ಭುಜದ ಹತ್ತಿರ ಇಲ್ಲೊಂದು. ಅಂಚಿಗೆ ಇದು. ಬಲಗಡೆ ಪೂರ್ತಿ ಕೂಡಿಸಿ ಮಾಡಿದ್ದು. ಬಿಚ್ಚಿಕೊಳ್ಳಲ್ಲ, ಅದಕ್ಕೆ ನಾನು ಜವಾಬ್ದಾರಿ. ಆದರೆ ಕತ್ತರಿಸಿದ್ದೂ ನಾನೇ, ಕೆಡಿಸಿದ್ದೂ ನಾನೇ, ಸರಿಮಾಡಿದ್ದೂ ನಾನೇ."

ಡಾಕ್ಟರಮ್ಮ ಬಗ್ಗಿ ನೋಡಿದರು. ಹುಬ್ಬು ಗಂಟಿಕ್ಕಿತು. "ನನ್ನ ಹೊಸಾ ಬಟ್ಟೆಗೆ ತೇಪೆನಾ?" ಎಂದರು. ಕೋಟು ಬಿಚ್ಚಿ, ಬೆರಳಿಂದ ತಡಕಿ, ಹೊಲಿಗೆ ಮತ್ತೆ ಸಿಗದೆ ಇನ್ನಷ್ಟು ಸಿಡಿಮಿಡಿಗೊಂಡರು. ಸಿಟ್ಟು ಮಾಡಿಕೊಳ್ಳಬೇಕೋ ಬೇಡವೋ ಎಂದು ಅವರಿಗೇ ತಿಳಿಯದ ಹಾಗಿತ್ತು. ಕಡೆಗೆ ಕೋಟು ಮಡಚಿ ಚೀಲಕ್ಕೆ ಹಾಕಿಕೊಂಡು, "ಮುಂದಿನ ಸಲ ನಿಮ್ಮ ಬೆರಳು ನೆಟ್ಟಗಾದ ಮೇಲೇ ಬರ್ತೀನಿ ಮಾಸ್ಟರೇ" ಎಂದು ಅವನಿಗೆ ಹೇಳಿ, ಮಿಷನಕ್ಕನ ಕಡೆ ಒಂದು ಕ್ಷಣ ನೋಡಿ, ಇಳಿದು ಹೋದರು.

ಮಾಸ್ಟರು ಜೇಬಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟುಕೊಂಡ.

"ಅಪ್ಪನ ಕಾಲದ ಗಿರಾಕಿ" ಎಂದ. "ನೀನು ಬಾಯಿ ಮುಚ್ಚಿಕೊಂಡಿದ್ದಿದ್ರೆ ಯಾರಿಗೂ ಗೊತ್ತೇ ಆಗ್ತಿರಲಿಲ್ಲ ಕಣೇ."

"ಹೌದು ಅಣ್ಣ" ಎಂದಳು ಮಿಷನಕ್ಕ. "ಯಾರಿಗೂ ಗೊತ್ತೇ ಆಗ್ತಿರಲಿಲ್ಲ."